ಕೆಂಗೇರಿಗೆ ತಲುಪದ ಹನ್ನೊಂದು ಮೆಸೇಜು

ಫೋನ್ ಕಂಪನಿಗಳು ತಮ್ಮತಮ್ಮಲ್ಲಿ ಮಾತು ಬಿಟ್ಟರೆ ಮರ್ಯಾದೆ ಹೋಗುವುದು ನಮ್ಮಂಥವರದು. ಸೊಸೆ ನನಗೆ ದುಬಾರಿ ಫೋನ್ ಕೊಡಿಸಿದಾಗಿನಿಂದ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇದೆ. ಊರೆಲ್ಲ ಬಳಸುವ ಆ ಉಚಿತ ಆ್ಯಪ್ ನನ್ನಲ್ಲಿಲ್ಲ. ಅದರ ಷರತ್ತುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಒಪ್ಪಿಗೆಯಾಗಲಿಲ್ಲ.

ಏನು ನಡೆದರೂ ಕೆಂಗೇರಿಯ ಗೆಳತಿಗೆ ಬರೆಯುವುದು ನನ್ನ ರೂಢಿ. ಕಾನ್ವೆಂಟಿನಲ್ಲಿ ಹತ್ತು ವರ್ಷ ನಮ್ಮದು ಒಂದೇ ಬೆಂಚು. ಈಗ ಅವಳಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಕೇಳಿಸದು. ಅವಳದೂ ನನ್ನದೇ ಕಂಪನಿಯ ಫೋನು. ಬೆಳಗಿನ ಕಾಫಿಗೆ ನನ್ನದೊಂದು ಮೆಸೇಜು, ಅವಳದೊಂದು ಉತ್ತರ.

ನೀಲಿ, ಹಸಿರು

ನಮ್ಮ ಭಜನಾ ಮಂಡಳಿಗೆ ನಾನೇ ಅಧ್ಯಕ್ಷೆ. ಆದ್ದರಿಂದ ಅಲ್ಲಿಯೂ ಆ್ಯಪ್ ಇಲ್ಲ, ಬರೀ ಮೆಸೇಜು. ಗುಂಪಿನಲ್ಲಿ ನಮ್ಮ ಕಂಪನಿಯ ಫೋನಿನವರಷ್ಟೇ ಇದ್ದರೆ ಮೆಸೇಜು ನೀಲಿಯಾಗಿ ಕಾಣುತ್ತದೆ. ಹೊರಗಿನವರೊಬ್ಬರು ಸೇರಿದರೂ ಎಲ್ಲರದೂ ಹಸಿರು. ಸುಂಕದಕಟ್ಟೆಯಿಂದ ಹೊಸಬರೊಬ್ಬರು ಬೇರೆ ಕಂಪನಿಯ ಫೋನ್ ಹಿಡಿದು ಸೇರಿಕೊಂಡರು.

ನಮ್ಮ ಕಾರ್ಯದರ್ಶಿ ಅವರ ಮುಂದೆಯೇ ಅಂದರು, “ಬೇಜಾರ್ ಮಾಡ್ಕೋಬೇಡಿ, ನೀವು ಬಂದ್ಮೇಲೆ ನಮ್ದೆಲ್ಲಾ ಹಸಿರಾಗ್ಬಿಟ್ಟಿದೆ.”

“ನಾನೇನ್ ಮಾಡ್ಲಿ ಕಣ್ರೀ, ಬಣ್ಣ ಬಳಿದವಳು ನಾನಲ್ಲ.”

ಕಾನ್ವೆಂಟಿನಲ್ಲಿ ನಾನು ಬ್ಲೂ ಹೌಸ್ ಕ್ಯಾಪ್ಟನ್ ಆಗಿದ್ದೆ. ಶಿಸ್ತು ಶಿಸ್ತೇ. “ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ” ಎಂದೆ.

ಮುಂದಿನ ವಾರ ಅವರು ಫೋನಿಗೆ ಕಡು ನೀಲಿ ಕವರ್ ಹಾಕಿಸಿಕೊಂಡು ಬಂದರು. “ಈಗ ಸರೀನಾ, ಮೇಡಂ?”

ಗೆಳತಿಗೆ ಬರೆದೆ. ಅವಳು ಗ್ರೀನ್ ಹೌಸ್. “ನಿನ್ನ ಅಹಂಕಾರಕ್ಕೆ ಅದೇ ಸರಿಯಾದ ಕವರು” ಎಂದು ಉತ್ತರ ಬಂತು.

ಟೈಲರ್ ಮನೆಯವರು

ವಿಜಯನಗರದ ನಮ್ಮ ಟೈಲರ್ ಮೆಸೇಜು ಹಾಕಿದರು: “ನಿಮ್ಮ ಬ್ಲೌಸ್ ರೆಡಿ.” ಅದರ ಮೇಲೆ ನನ್ನ ಬೆರಳು ಒಂದು ಕ್ಷಣ ಹೆಚ್ಚು ನಿಂತಿರಬೇಕು, ಪುಟ್ಟ ಹೃದಯವೊಂದು ಮೂಡಿತು. ನಮ್ಮ ಕಂಪನಿಯವರಿಗಾದರೆ ಹೃದಯ ಹೃದಯವಾಗಿಯೇ ಹೋಗುತ್ತದಂತೆ. ಟೈಲರ್ ಅವರ ಅಗ್ಗದ ಫೋನಿಗೆ ಅದು ಅಕ್ಷರವಾಗಿ ಹೋಯಿತು: “ನಿಮ್ಮ ಬ್ಲೌಸ್ ರೆಡಿ” ಎಂಬುದನ್ನು ಪ್ರೀತಿಸಿದ್ದಾರೆ, ಎಂದು.

ಅಂಗಡಿಗೆ ಹೋದರೆ ಅವರು ತಲೆಯೆತ್ತಲಿಲ್ಲ. “ಮೇಡಂ, ಮೆಸೇಜ್ ನಮ್ಮನೆಯವ್ರು ನೋಡಿದ್ರು” ಎಂದರು.

ಅಂದಿನಿಂದ ನನ್ನ ಅಳತೆ ತೆಗೆಯುವುದೂ ಮನೆಯವರೇ, ಮೆಸೇಜು ಹಾಕುವುದೂ ಮನೆಯವರೇ.

ಇದನ್ನು ಕೆಂಗೇರಿಗೆ ಬರೆದು ಕಾದೆ. ಅವಳಿಗೆ ಇಂಥದ್ದೆಂದರೆ ಪ್ರಾಣ. ಕಾಫಿ ಆರಿತು, ಉತ್ತರ ಬರಲಿಲ್ಲ.

ಹೋಳಿಗೆ

ಕಾರಣ ನನಗೆ ಗೊತ್ತಿತ್ತು. ಹಿಂದಿನ ದಿನ ಚಂದ್ರಾ ಲೇಔಟಿನ ಗೃಹಪ್ರವೇಶವೊಂದರಲ್ಲಿ, ಅವಳು ಮಾಡಿ ತಂದ ಹೋಳಿಗೆ ಗಟ್ಟಿಯಾಗಿದೆ ಎಂದು ಎಲ್ಲರೆದುರು ಹೇಳಿದ್ದೆ. ಅವಳಿಗೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಹೇಳಿದ್ದೆ.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಆದರೂ ಕೇಳಿದೆ. ಮೊದಲು ಒಂದು ಸಾಲು, ಆಮೇಲೆ ಒಂದು ಪುಟ. ಎರಡು ತಿಂಗಳು ಎಲ್ಲದಕ್ಕೂ ಮೌನ. ಬೆಳಗ್ಗೆ ಕಾಫಿ ಲೋಟ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಮನೆಯಲ್ಲಿ ಯಾರ ತಪ್ಪನ್ನೂ ತಿದ್ದಲಿಲ್ಲ. ಸೊಸೆಗೆ ಗಾಬರಿಯಾಗಿ, “ಅತ್ತೆ, ಡಾಕ್ಟರ್ ಹತ್ರ ಹೋಗಿ ಬರೋಣ್ವಾ?” ಎಂದು ಕೇಳಿದಳು.

ಒಂದು ದಿನ ಪೋಸ್ಟ್‌ಕಾರ್ಡ್ ಬಂತು. ಅದೇ ದುಂಡು ಅಕ್ಷರ. “ಹೋಳಿಗೆ ಗಟ್ಟಿಯಾಗಿತ್ತು, ಒಪ್ಪಿದೆ. ನಿನ್ನ ಮನಸ್ಸಿನಷ್ಟಲ್ಲ. ಒಂದು ಸಾಲು ಬರೆಯಲೂ ಬಿಂಕವೇ?”

ಕೊಡುವಾಗ ಅಂಚೆಯವರು ಅಂದರು, “ಒಂದ್ ಸಾಲ್ ಬರ್ದ್‌ಬಿಡಿ ಮೇಡಂ, ಪಾಪ.”

ಓದು

ಕಾರ್ಡ್ ಓದಿ ಸೊಸೆ ನನ್ನ ಫೋನ್ ನೋಡಿದಳು. “ಅವರೇನಾದ್ರೂ ಬೇರೆ ಕಂಪನಿ ಫೋನ್ ತಗೊಂಡಿದಾರಾ ಅತ್ತೆ? ಹಳೇ ಕಂಪನಿ ಇನ್ನೂ ಅವರ ನಂಬರನ್ನ ತನ್ನದೇ ಅಂದ್ಕೊಂಡಿದೆ. ನೀವು ಬರೆದಿದ್ದೆಲ್ಲ ಅದರೊಳಗೇ ಕೂತಿದೆ. ತಲುಪಿದೆ ಅಂತ ಒಂದರ ಕೆಳಗೂ ಬಂದಿಲ್ಲ, ನೋಡಿ.” ಲೋಕದ ತಪ್ಪೆಲ್ಲ ಹುಡುಕುವ ನಾನು ಅದೊಂದನ್ನು ಗಮನಿಸಿರಲಿಲ್ಲ.

ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಕೆಂಗೇರಿ ಅಷ್ಟು ದೂರ ಎಂದು ಅಂದೇ ಗೊತ್ತಾದದ್ದು.

ಅವಳು ಗೇಟಿನ ಪಕ್ಕದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. “ಬಂದ್ಯಾ ಮಹಾರಾಣಿ?” ಎಂದಳು. ಪಕ್ಕದಲ್ಲಿ ಹೊಸ ಫೋನು. ಹಳೆಯದು ನೀರಿನ ಸಂಪಿನೊಳಗೆ ಬಿದ್ದಿತ್ತಂತೆ.

ನನ್ನ ಫೋನ್ ತೆರೆದು ಅವಳ ಕೈಗಿಟ್ಟೆ.

ಕಿವಿ ಮಂದವಾದವರು ಮನಸ್ಸಿನಲ್ಲಿ ಓದುವುದಿಲ್ಲ. ಅವಳು ಓದತೊಡಗಿದಳು, ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯ ಗಂಟಲಿನಲ್ಲಿ: “ನನ್ನದೇ ತಪ್ಪು! ನನ್ನ ನಾಲಿಗೆಗೆ ಹದವಿಲ್ಲ! ನೀನಿಲ್ಲದೆ ಕಾಫಿ ರುಚಿಸುತ್ತಿಲ್ಲ!” ಎದುರು ಮನೆಯವರು ಬಟ್ಟೆ ಒಣಹಾಕುವುದು ನಿಲ್ಲಿಸಿದರು. ತರಕಾರಿ ಗಾಡಿ ನಿಂತಿತು. ಹನ್ನೊಂದೂ ಮೆಸೇಜು, ಒಂದು ಅಲ್ಪವಿರಾಮವನ್ನೂ ಬಿಡಲಿಲ್ಲ.

ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀದಿಯತ್ತ ಒಮ್ಮೆ ನೋಡಿದಳು, ನನ್ನತ್ತ ಒಮ್ಮೆ.

“ಸರಿಯಾಗಿ ಕೇಳಿಸ್ಲಿಲ್ಲ ಕಣೇ,” ಎಂದಳು. “ಇನ್ನೊಂದ್ಸಲ ಓದ್ತೀನಿ, ಇರು.”