ಮಾವನವರ ಮನಸ್ಸಿಗೆ ನಾನು ಮಾಡಿದ ಉಪಚಾರ

ಬರೆದಿಡದಿದ್ದರೆ ಯಾವ ಸಂಗತಿಯೂ ನಡೆದೇ ಇಲ್ಲ ಅನ್ನಿಸುವ ಜಾತಿ ನನ್ನದು. ಹಾಲಿನವನು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ಅತ್ತೆ ನನ್ನನ್ನು ಹೊಗಳಿದ ದಿನ, ಎಲ್ಲವೂ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇವೆ. ಕೊನೆಯದು ಹೆಚ್ಚು ಜಾಗ ಹಿಡಿದಿಲ್ಲ. ಆದ್ದರಿಂದ ಮನೆಯಲ್ಲಿ ಯಾರದಾದರೂ ಮನಸ್ಸು ಕುಗ್ಗುತ್ತಿದ್ದರೆ ಅದನ್ನು ಪತ್ತೆಹಚ್ಚಿ ದುರಸ್ತಿ ಮಾಡಲು ಇಡೀ ಬ್ಯಾಡಗಿಯಲ್ಲಿ ನನಗಿಂತ ಯೋಗ್ಯರು ಇಲ್ಲವೆಂದು ನಾನು ನಂಬಿದ್ದೆ.

ಒಂದು ಭಾನುವಾರ ಹಾವೇರಿಯಲ್ಲಿ ಖಿನ್ನತೆಯ ಬಗ್ಗೆ ಒಂದು ಉಪನ್ಯಾಸ ಕೇಳಲು ಹೋಗಿದ್ದೆ. ಊಟ ಸೇರದಿರುವುದು, ನಿದ್ದೆ ಕೆಡುವುದು, ಜನರಿಂದ ದೂರ ಸರಿಯುವುದು, ಇಷ್ಟದ ಕೆಲಸವೂ ಬೇಡವಾಗುವುದು, ಇವು ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು ಎಂದರು. ಬರಬಾರದೆಂದರೆ ದಿನಾ ನಡೆಯಬೇಕು, ಬೆಳಗಿನ ಬಿಸಿಲು ಮೈಮೇಲೆ ಬೀಳಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು, ಮೊಬೈಲ್ ಕಡಿಮೆ ಮಾಡಬೇಕು, ನಾಲ್ಕು ಜನರೊಂದಿಗೆ ಬೆರೆಯಬೇಕು. ನಾನು ಒಂದೊಂದು ಲಕ್ಷಣ ಬರೆದುಕೊಂಡಂತೆಲ್ಲ ಕಣ್ಣೆದುರಿಗೆ ಒಂದೇ ಮುಖ ಬಂತು. ನಮ್ಮ ಮಾವನವರದು!

ಮಾವನವರು ಮಾರ್ಕೆಟ್ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ನೋಡುವವರು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದರೆಂದರೆ ಕಾಯಿ ಹಸಿ ಇದೆಯೋ, ಒಳಗೆ ಮುಗ್ಗು ಹಿಡಿದಿದೆಯೋ ಹೇಳಿಬಿಡುತ್ತಿದ್ದರು. ಮನೆಯಲ್ಲೂ ಅಷ್ಟೇ. ಗೇಟು ತೆಗೆಯುವಾಗಲೇ ಒಳಗಿನ ಪಲ್ಯ ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು. ಅಂಥವರು ಒಮ್ಮೆ ಜ್ವರ ಬಂದು ಎದ್ದ ಮೇಲೆ ಅರ್ಧ ರೊಟ್ಟಿಗೇ ತಾಟು ಸರಿಸತೊಡಗಿದರು. ಸಂಜೆಯ ಚಹಾದಂಗಡಿ ಬಿಟ್ಟರು. ಅಂಗಡಿಗೂ ಒಂದು ದಿನ ಹೋದರೆ ಎರಡು ದಿನ ರಜೆ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ, ಅಷ್ಟೇ ಉತ್ತರ.

ಮೊದಲು ಡಾಕ್ಟರಿಗೆ ತೋರಿಸೋಣ ಎಂದು ಅತ್ತೆ ಹೇಳಿದರು. ಮೊದಲು ಅಭ್ಯಾಸಗಳನ್ನು ಸರಿಪಡಿಸೋಣ, ಆಮೇಲೆ ಡಾಕ್ಟರು ಎಂದು ನಾನು ಅಪ್ಪಣೆ ಮಾಡಿದೆ. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುವವರು. ಅವರು ಎರಡೂ ಕಡೆಗೆ ತಲೆಯಾಡಿಸಿ ಮಲಗಿದರು.

ಸೋಮವಾರದಿಂದ ಚಿಕಿತ್ಸೆ ಆರಂಭವಾಯಿತು. ಡೈರಿಯಲ್ಲಿ ಅಂಕಣ ಹಾಕಿದೆ: ನಡಿಗೆ, ಬಿಸಿಲು, ಊಟ, ಸಹನೆ, ಏಕಾಗ್ರತೆ. ದಿನಕ್ಕೆರಡು ಸಲ ಅವರೆದುರು ನಿಂತು, ಇವತ್ತು ಮನಸ್ಸಿಗೆ ಹತ್ತಕ್ಕೆ ಎಷ್ಟು ಎಂದು ಕೇಳುತ್ತಿದ್ದೆ. ಅವರು ಏಳು ಎನ್ನುತ್ತಿದ್ದರು. ಬೆಳಿಗ್ಗೆಯೂ ಏಳು, ಸಂಜೆಯೂ ಏಳು. ಎಂಥ ಸ್ಥಿರತೆ!

ಫಲಿತಾಂಶಗಳು ನನ್ನ ನಿರೀಕ್ಷೆಯನ್ನೂ ಮೀರಿದವು. ಬುಧವಾರ ಹಿಂದಿನ ದಿನದ ಸಾರು ಹಳಸಿಹೋಗಿತ್ತು. ನಾನು ತಿಳಿಯದೆ ಬಡಿಸಿಬಿಟ್ಟೆ. ಹಿಂದೆ ಬೇಳೆ ತಳ ಹಿಡಿದರೆ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವರು ಅದನ್ನು ತುಟಿಪಿಟಕ್ಕೆನ್ನದೆ ಉಂಡರು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಹಿತ್ತಲಿಗೆ ಓಡಿದರು. ನಾನು ಬರೆದೆ: ಸಹನೆ, ಗಣನೀಯ ಸುಧಾರಣೆ.

ಗುರುವಾರದ ಹೊತ್ತಿಗೆ ಒಳಕೋಣೆಯ ಜೋಳದ ಚೀಲಗಳ ಹಿಂದೆ ಇಲಿಯೊಂದು ಸತ್ತು ಬಿದ್ದಿತ್ತು. ಮಾವನವರ ಕಣ್ಣುಮುಚ್ಚಿ ಕೂರುವ ಅಭ್ಯಾಸಕ್ಕೆ ನಾನು ಗೊತ್ತುಮಾಡಿದ್ದು ಅದೇ ಕೋಣೆ. ನಾನೂ ಅತ್ತೆಯೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆವು. ಮಾವನವರು ಮಾತ್ರ ಹಿಮಾಲಯದ ಗುಹೆಯಲ್ಲಿ ಕುಳಿತ ಮುನಿಯಂತೆ ನಿಶ್ಚಲರಾಗಿದ್ದರು. ಅವರ ಮಗ್ಗುಲಿಂದಲೇ ಅತ್ತೆ ಇಲಿಯನ್ನು ಕಸಬರಿಗೆಯಿಂದ ಎಳೆದು ಹೊರಗೆ ಹಾಕಿದರು. ಏಕಾಗ್ರತೆ ಎಂಬ ಅಂಕಣದಲ್ಲಿ ಬರೆಯಲು ನನಗೆ ಪದ ಸಿಗಲಿಲ್ಲ.

ಶುಕ್ರವಾರ ಅವರಿಗೆ ಇಷ್ಟದ ಕೆಲಸ ಕೊಡಬೇಕೆನಿಸಿತು. ನಾನು ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜೊಂದರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಅಲ್ಲಿಂದ ಒಂದು ಹಿಡಿ ಕಾಯಿ ತಂದು ಕೈಗಿತ್ತೆ. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ಛಲೋ ಐತಿ ಎಂದರು. ಅದು ಮುಗ್ಗು ಹಿಡಿದು ಬೇರೆ ಇಟ್ಟಿದ್ದ ಚೀಲದ ಕಾಯಿ ಎಂದು ಶನಿವಾರ ಆಫೀಸಿನಲ್ಲಿ ಹೇಳಿದರು. ನಾನು ಧೃತಿಗೆಡಲಿಲ್ಲ. ಎಲ್ಲದರಲ್ಲೂ ಒಳ್ಳೆಯದನ್ನೇ ಕಾಣುವ ದೃಷ್ಟಿ ಅವರಿಗೆ ಬಂದಿದೆ ಎಂದು ಬರೆದುಕೊಂಡೆ!

ಆ ಶನಿವಾರ ಸಂಜೆ ಅತ್ತೆಯೊಂದಿಗೆ ಸಂತೆಗೆ ಹೊರಟೆ. ಹೊರಡುವ ಮೊದಲು ಮಾವನವರನ್ನು ಒಳಕೋಣೆಯಲ್ಲಿ ಕಣ್ಣುಮುಚ್ಚಿ ಕೂರಿಸಿ, ಬಾಗಿಲು ಮುಂದೆ ಮಾಡಿ, ಮೊಬೈಲ್ ಕಡಿಮೆ ಎಂಬ ನಿಯಮದಂತೆ ಅವರ ಫೋನನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಬದನೆಕಾಯಿ ಆರಿಸುತ್ತಿದ್ದ ಅತ್ತೆ ಒಮ್ಮೆಲೇ ಕೈ ನಿಲ್ಲಿಸಿದರು.

“ಗೀತಾ, ಹಾಲು ಇಳಿಸಿ ಬಂದೀ ಇಲ್ಲೋ?”

ನಾನು ಡೈರಿ ತೆಗೆದು ನೋಡಿದೆ. ಹಾಲು ಕಾಯಲು ಇಟ್ಟೆ ಎಂದಿತ್ತು. ಇಳಿಸಿದೆ ಎಂದು ಎಲ್ಲಿಯೂ ಇರಲಿಲ್ಲ.

ಗಾಬರಿಯಿಂದ ಮಾವನವರಿಗೆ ಫೋನ್ ಮಾಡಿದೆ. ಅದು ನನ್ನ ಚೀಲದೊಳಗೇ ರಿಂಗಾಯಿತು.

ಬದನೆಕಾಯಿ ಅಲ್ಲಿಯೇ ಬಿಟ್ಟು ಓಡಿದೆವು. ಓಣಿಯ ತುದಿಯಲ್ಲೇ ಹಾಲು ಸೀದ ಕಮಟು ವಾಸನೆ. ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು. ನಾವು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಜುಬೇದಾ ಚಾಚಿ ಹಿತ್ತಲಿನಿಂದ ನುಗ್ಗಿ ಗ್ಯಾಸ್ ಆರಿಸಿ, ಕೆಂಡದಂತಾಗಿದ್ದ ಪಾತ್ರೆಯನ್ನು ಹೊರಗೆ ಒಗೆದಿದ್ದರು. ಅವರು ಬರುವುದು ಇನ್ನೊಂದಿಷ್ಟು ತಡವಾಗಿದ್ದರೆ ಒಲೆಯ ಮೇಲಿನ ಕಿಟಕಿಯ ಪರದೆಗೆ ಬೆಂಕಿ ಹತ್ತುತ್ತಿತ್ತು. ಒಳಕೋಣೆಯ ಬಾಗಿಲು ತೆರೆದರೆ, ಮಾವನವರು ನಾನು ಕೂರಿಸಿದಂತೆಯೇ ಕುಳಿತಿದ್ದರು.

“ಅಣ್ಣಾರ, ನಮ್ಮ ಮನಿ ತನಕಾ ಬಂದೈತ್ರಿ ವಾಸನಿ,” ಎಂದರು ಚಾಚಿ. “ಮಗ್ಗಲಾಗ ಕುಂತು ನಿಮಗ ಗೊತ್ತಾಗಲಿಲ್ಲೇನ್ರಿ?”

ಮಾವನವರು ಬಾಗಿಲಾಚೆಯ ಹೊಗೆಯನ್ನು ನೋಡಿದರು, ನಮ್ಮನ್ನು ನೋಡಿದರು.

“ಇಲ್ಲವಾ. ನನಗ ಯಾವ ವಾಸನಿನೂ ಗೊತ್ತಾಗೂದಿಲ್ಲ. ಆ ಜ್ವರ ಬಂದು ಹೋದಾಗಿಂದ.”

ಸಾರು, ಇಲಿ, ಮುಗ್ಗು ಹಿಡಿದ ಕಾಯಿ, ಒಂದೊಂದೇ ನನ್ನ ಕಣ್ಣಮುಂದೆ ಮೆರವಣಿಗೆ ಹೋದವು.

ಅತ್ತೆ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ನಮಗೆ ಹೇಳಬಾರದಿತ್ತೇ ಎಂದು ಮೆಲ್ಲಗೆ ಕೇಳಿದರು.

“ಏನಂತ ಹೇಳಲಿ? ರೊಟ್ಟಿ ತಿಂದ್ರ ರಟ್ಟು ತಿಂದಂಗಾಕ್ಕೈತಿ. ಚಹಾದಂಗಡ್ಯಾಗ ಕುಂತ್ರ, ಇದನ್ನೊಂದು ನೋಡ್ರಿ ಅಂತ ಯಾರರ ಕೈಯಾಗ ಕಾಯಿ ಕೊಡ್ತಾರ. ಅದಕ್ಕ ಹೋಗೂದ ಬಿಟ್ಟೆ. ಮೂಗು ಹೋಗೇತಂತ ಯಾರ್ಡಿನ್ಯಾಗ ತಿಳೀತಂದ್ರ ನನ್ನ ಯಾರು ಕರೀತಾರ? ರಾತ್ರಿಯೆಲ್ಲಾ ಅದ ತಲ್ಯಾಗ. ಒಂದೊಂದು ದಿನ ಯಾಕರ ಬದುಕೇನಪಾ ಅನಿಸ್ತಿತ್ತು.”

ಚಾಚಿ ಅವರಿಗೆ ಒಂದು ಲೋಟ ನೀರು ತಂದು ಕೊಟ್ಟರು.

“ನಾ ದಿನಾ ಎರಡು ಸಲ ಕೇಳ್ತಿದ್ನಲ್ರಿ ಮಾವಾರ,” ಎಂದೆ, ಡೈರಿಯ ಪುಟ ತೋರಿಸುತ್ತ. “ನೀವು ಏಳು ಅಂತಿದ್ರಿ.”

“ಐದು ಅಂದ್ರ ಇನ್ನೊಂದು ಸುತ್ತು ನಡಸ್ತಿದ್ದಿ, ತಂಗಿ. ಒಂಬತ್ತು ಅಂದ್ರ ನಂಬ್ತಿದ್ದಿಲ್ಲ. ಏಳು ಅಂದ್ರ ಬರಕೊಂಡು ಹೊಂಟುಬಿಡ್ತಿದ್ದಿ.”

ಸೋಮವಾರ ನಾನು, ಅತ್ತೆ, ಮಾವನವರು ಹಾವೇರಿಗೆ ಹೋದೆವು. ಕೆಲವು ಜ್ವರಗಳ ನಂತರ ಹೀಗಾಗುತ್ತದೆ, ಎಷ್ಟೋ ಜನಕ್ಕೆ ನಿಧಾನವಾಗಿ ತಿರುಗಿ ಬರುತ್ತದೆ ಎಂದು ಮೂಗಿನ ಡಾಕ್ಟರು ಹೇಳಿ, ದಿನಾ ಲವಂಗ, ನಿಂಬೆಹಣ್ಣು ಮೂಸುವ ಅಭ್ಯಾಸ ಕೊಟ್ಟರು. ಮನಸ್ಸು ಕುಗ್ಗಿದ್ದೂ ಖರೆಯೇ, ಅದನ್ನು ಬೇರೆಯಾಗಿಯೇ ನೋಡಬೇಕು ಎಂದು ಮನೋವೈದ್ಯರ ಹತ್ತಿರ ಕಳಿಸಿದರು. ಆ ಡಾಕ್ಟರಮ್ಮನ ಮುಂದೆ ನಾನು ಡೈರಿ ತೆರೆದಿಟ್ಟೆ. ಅವರು ಪುಟ ತಿರುವಿ ನೋಡಿ, ನಡಿಗೆ, ಬಿಸಿಲು ಎಲ್ಲಾ ಬರೋಬರಿ ಇದೆ, ಬಿಡಬೇಡಿ ಎಂದರು. ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದೆ.

“ಆದ್ರ ನಿಮಗೇನಾಗೇದರಿ ಅಂತ ಇವರಿಗೆ ಒಮ್ಮೆರ ಕೇಳೀರೇನು?”

ಕೇಳಿರಲಿಲ್ಲ. ಅದಕ್ಕೆ ನಾನು ಅಂಕಣವನ್ನೇ ಹಾಕಿರಲಿಲ್ಲ.

ಮಾವನವರ ದಲಾಲಿ ಅಂಗಡಿಯ ಸಾಹುಕಾರರಿಗೆ ಅತ್ತೆಯೇ ಹೋಗಿ ವಿಷಯ ತಿಳಿಸಿದರು. ಮೂಗು ಬರುವ ತನಕ ಕಣ್ಣಿಂದ, ಕೈಯಿಂದ ನೋಡಲಿ, ಬಣ್ಣ ನೋಡುವುದರಲ್ಲಿ ಅವರಷ್ಟು ನಿಖರ ಯಾರಿದ್ದಾರೆ ಎಂದು ಸಾಹುಕಾರರು ಅಂದರಂತೆ. ಮಾವನವರು ಅಂದು ಒಂದೂವರೆ ರೊಟ್ಟಿ ತಿಂದರು. ರುಚಿ ಬಂದಿಲ್ಲ, ಹಸಿವು ಬಂದಿದೆ ಎಂದರು.

ಅಂದೇ ಸಂಜೆ ನಾನು ಪೆನ್ನು, ಡೈರಿ ಒಳಗಿಟ್ಟು ಬಂದು ಕಟ್ಟೆಯ ಮೇಲೆ ಅವರ ಪಕ್ಕ ಕುಳಿತೆ. ಹೇಗಿದ್ದೀರಿ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಲು ಸಿದ್ಧಳಾದೆ. ತಿಂಗಳುಗಟ್ಟಲೆ ತುಂಬಿದ ಕೆರೆಯ ತೂಬು ಎತ್ತಿದಂತಾಯಿತು! ಮಾವನವರು ಯಾರ್ಡಿಗೆ ಕಾಲಿಟ್ಟ ಮೊದಲ ದಿನದಿಂದ ಶುರುಮಾಡಿದರು. ಓಣಿಯ ದೀಪ ಹತ್ತುವ ಹೊತ್ತಿಗೆ ಕಥೆಯಲ್ಲಿ ಅಂದಿನ ಮಧ್ಯಾಹ್ನದ ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ನನ್ನ ಕತ್ತು ಯಾವಾಗ ಕಂಬಕ್ಕೆ ಒರಗಿತೋ ತಿಳಿಯದು. ಎಚ್ಚರವಾದಾಗ ಮಾವನವರು ಬಗ್ಗಿ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು.

“ಯಾಕ ತಂಗಿ, ರಾತ್ರಿ ನಿದ್ದಿ ಆಗೂದಿಲ್ಲೇನು? ಮಾತೂ ಕಡಿಮಿ ಆಗೇತಿ ನಿಂದು,” ಎಂದರು ಬಲು ಕಾಳಜಿಯಿಂದ. ಆಮೇಲೆ ಒಳಗಿದ್ದ ಅತ್ತೆಗೆ ಕೂಗಿ ಹೇಳಿದರು: “ಏಯ್, ಮುಂದಿನ ವಾರ ಹಾವೇರಿಗೆ ಹೋಗುವಾಗ ಆ ಡಾಕ್ಟರಮ್ಮಗ ಈಕಿನ್ನೂ ಒಮ್ಮೆ ತೋರಿಸಿಕೊಂಡು ಬರೂಣು.”