ಗೊಂಚಲಿಗೊಂದು ಛತ್ರಿ

ಹೆಂಡತಿಗೆ ಒಂದು ಹೂವು ಕೊಡಲಾರದ ಗಂಡ ಎಂಥ ಗಂಡ, ನೀವೇ ಹೇಳಿ. ಕುಂಬಾರಕೊಪ್ಪಲಿನ ಕೆಂಪಯ್ಯನವರು ಅಂಥ ಗಂಡ. ತೋಟಗಾರರಾಗಿ ಮಾತ್ರ ಅಪ್ಪಟ ಚಿನ್ನ! ನಿವೃತ್ತಿಯಾದ ಮೇಲೆ ಮನೆ ಮುಂದಿನ ಚೋಟುದ್ದ ಜಾಗದಲ್ಲಿ ಅವರು ಬೆಳೆಸಿದ ಫ್ಲೋರಿಬಂಡ ಗುಲಾಬಿಯನ್ನು ಕಣ್ಣಾರೆ ನೋಡಬೇಕು. ಬೇರೆ ಗುಲಾಬಿಗಳು ಕಡ್ಡಿಗೊಂದು ಹೂ ಬಿಟ್ಟು ಸುಸ್ತಾದರೆ, ಇದು ಮದುವೆಮನೆಗೆ ಬಂದ ಬೀಗರ ಹಾಗೆ ಗುಂಪು ಕಟ್ಟಿಕೊಂಡೇ ಅರಳುವುದು.

ಬೆಳಿಗ್ಗೆ ಕಾಫಿಗೂ ಮುಂಚೆ ಗಿಡದ ಬುಡಕ್ಕೆ ನೀರು. ಎಲೆ ನೆಂದರೆ ಕಪ್ಪುಚುಕ್ಕೆ ರೋಗ ಬರುತ್ತದೆಂದು ಒಂದು ಹನಿಯೂ ಸಿಡಿಯದ ಹಾಗೆ ಜೋಪಾನ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರ, ಬಾಡಿದ್ದನ್ನು ಅಂದಂದೇ ಕತ್ತರಿಸುವುದು, ಮಧ್ಯಾಹ್ನದ ಬಿಸಿಲಿಗೆ ಛತ್ರಿ (ಹೌದು, ಗಿಡಕ್ಕೇ! ತಾವು ಬಿಸಿಲಲ್ಲಿ ನಿಂತು). ಏನು ಸೇವೆ, ಏನು ವೈಭೋಗ!

"ಇಷ್ಟೆಲ್ಲ ಮಾಡ್ತೀರಿ, ಇದ್ಕೆ ಘಮಾನೇ ಇಲ್ವಲ್ರೀ," ಎಂದರು ಅವರ ಹೆಂಡತಿ ಪುಟ್ಟತಾಯಮ್ಮ. "ಹೋಗ್ಲಿ, ನವರಾತ್ರಿ. ಮುಡಿಯಕ್ಕೆ ಆ ದೊಡ್ಡ ಗೊಂಚಲು ಕೊಡಿ."

"ಮುಟ್ಬುಟ್ಟೀಯ, ಜೋಕೆ! ಬಡಾವಣೆ ಸಂಘದ ದಸರಾ ತೋಟದ ಸ್ಪರ್ಧೆಗೆ ಇವತ್ತು ತೀರ್ಪುಗಾರರು ಬರ್ತಾರೆ. ನನ್ನ ಬಹುಮಾನ ನಿಂತಿರೋದೇ ಆ ಗೊಂಚಲ ಮೇಲೆ ಕಣೇ."

"ಹಂಗಾದ್ರೆ ಅದಕ್ಕೇ ತಾಳಿ ಕಟ್ಬುಡಿ!" ಪುಟ್ಟತಾಯಮ್ಮ ದಡದಡನೆ ಒಳಗೆ ಹೋದರು.

ತೀರ್ಪುಗಾರರೆಂದರೆ ಜೀಪು, ಕೋಟು, ಹಿಂದೆಮುಂದೆ ಜನ ಎಂದು ಕೆಂಪಯ್ಯನವರು ನಂಬಿದ್ದರು. ಹಾಗಾಗಿ, ಸ್ಕೂಟರಿನಿಂದ ಇಳಿದ ಹೆಣ್ಣುಮಗಳೊಬ್ಬರು ಗೇಟಿನಲ್ಲಿ ನಿಂತು "ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದಾಗ, ಯಾರೋ ದಾರಿಹೋಕರೆಂದುಕೊಂಡೇ ಒಳಗೆ ಕರೆದರು.

ಆಕೆ ಎಲೆ ಮಗುಚಿ ನೋಡಿದರು, ಬುಡದ ಮಣ್ಣು ನೋಡಿದರು. "ಒಂದೆಲೆಗೂ ಚುಕ್ಕೆ ಇಲ್ವಲ್ಲ ಸಾರ್! ಇಂಥ ಗೊಂಚಲನ್ನ ನಾನೆಲ್ಲೂ ನೋಡಿಲ್ಲ."

ಬೀದಿಯವರೆಲ್ಲ ಘಮ ಇಲ್ಲ, ಘಮ ಇಲ್ಲ ಎಂದು ಆಡಿಕೊಂಡಿದ್ದೇ ಆಗಿತ್ತು. ಕೊನೆಗೂ ಬೆಲೆ ಗೊತ್ತಿದ್ದವರೊಬ್ಬರು ಬಂದಿದ್ದರು.

"ಪುಟ್ಟತಾಯೀ, ಅರಿಶಿನ ಕುಂಕುಮ ತಗೊಂಡ್ಬಾರೇ! ಹಬ್ಬದ ದಿನ ಹೆಣ್ಮಗಳು ಮನೆಗೆ ಬಂದವ್ರೆ, ಹಂಗೇ ಕಳಿಸ್ಬಾರ್ದು!"

ಕುಂಕುಮದ ತಟ್ಟೆಗೆ ಹೂವು ಬೇಡವೆ? ಮೂಲೆಯ ಪುಟ್ಟದೊಂದು ಸಾಕಿತ್ತು. ಆದರೆ ಅಷ್ಟು ಹೊಗಳಿದವರಿಗೆ ಪುಟ್ಟದು ಕೊಡಲು ಕೈ ಬರಬೇಕಲ್ಲ! ಕತ್ತರಿ ಕಚಕ್ಕೆಂದಿತು. ದೊಡ್ಡ ಗೊಂಚಲು ಪುಟ್ಟತಾಯಮ್ಮ ತಂದ ತಟ್ಟೆಯಲ್ಲಿತ್ತು.

"ಅಯ್ಯೋ ಸಾರ್, ಏನ್ಮಾಡ್ಬುಟ್ರಿ!" ಸ್ಕೂಟರಿನಲ್ಲಿ ಬಂದಾಕೆ ಚೀರಿದರು. "ನಾನು ದಿವ್ಯ, ತೀರ್ಪಿಗೆ ಬಂದಿರೋದು. ಗಿಡದಲ್ಲಿರೋ ಹೂವಿಗೆ ಮಾತ್ರ ಅಂಕ!"

"ಈಗಷ್ಟೇ ನೋಡಿದ್ರಲ್ಲಮ್ಮಾ..."

"ನಾನೇನೋ ನೋಡ್ದೆ, ಮೊದಲನೇ ಬಹುಮಾನ ಅಂತ್ಲೂ ಅಂದ್ಕೊಂಡೆ. ಇನ್ನಿಬ್ರು ಹಿಂದೆ ಬರ್ತಿದ್ದಾರೆ, ಅವ್ರಿಗೆ ಏನು ತೋರಿಸ್ತೀರಿ?"

ಕೆಂಪಯ್ಯನವರು ಮೂಲೆಯ ಪುಟ್ಟ ಹೂವನ್ನೇ ಮುಂದಕ್ಕೆ ಬಾಗಿಸಿ ನೋಡಿದರು. ದಿವ್ಯ ಹಣೆಗೆ ಕುಂಕುಮವಿಟ್ಟುಕೊಂಡು ಗೊಂಚಲನ್ನು ಪುಟ್ಟತಾಯಮ್ಮನ ಕೈಗೆ ಕೊಟ್ಟರು. "ಸ್ಪರ್ಧೆಗೆ ನಿಂತವರಿಂದ ನಾವು ಒಂದೆಸಳೂ ತಗೊಳ್ಳೋ ಹಾಗಿಲ್ಲಮ್ಮ. ನೀವೇ ಮುಡ್ಕೊಳ್ಳಿ."

ಪುಟ್ಟತಾಯಮ್ಮ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಕನ್ನಡಿ ಮುಂದೆ ನಿಂತು ಮುಡಿದವರೇ ದೇವಸ್ಥಾನಕ್ಕೆ ಹೊರಟುಬಿಟ್ಟರು. ನಿಜ ಹೇಳಬೇಕೆಂದರೆ, ಗಿಡಕ್ಕಿಂತ ಆ ನರೆತ ತುರುಬಿನಲ್ಲೇ ಹೂವು ಹೆಚ್ಚು ಚೆನ್ನಾಗಿ ಕಂಡಿತು. ಕೆಂಪಯ್ಯನವರೂ ನೋಡಿದರು. ನೆತ್ತಿಯ ಮೇಲೆ ಸುಡುಬಿಸಿಲು, ಎಸಳು ಬಾಡಿದರೆ? ಛತ್ರಿ ಬಿಚ್ಚಿಕೊಂಡು ಹಿಂದೆಯೇ ಓಡಿದರು.

"ಮೆಲ್ಲಗೆ ನಡಿಯೇ! ತಲೆ ಅಲ್ಲಾಡಿಸ್ಬೇಡ!"

ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಈ ವಯಸ್ಸಲ್ಲೂ ಹೆಂಡ್ತಿ ಮೇಲೆ ಎಂಥಾ ಪ್ರೀತಿ ನೋಡ್ರೀ!"

ಪುಟ್ಟತಾಯಮ್ಮ ನಡುಬೀದಿಯಲ್ಲಿ ನಿಂತರು. "ರೀ, ಛತ್ರಿ ನಂಗೋ, ಹೂವಿಗೋ?"

ಇಡೀ ಬೀದಿ ಕಿವಿಗೊಟ್ಟು ನಿಂತಿತ್ತು. ಕೆಂಪಯ್ಯನವರು ಛತ್ರಿಯನ್ನು ಹೆಂಡತಿಯ ಮುಖದತ್ತ ಸರಿಸಿದರು. "ನಿಂಗೇ ಕಣೇ."

"ಹಂಗಾದ್ರೆ ನಾಳೆ," ಎಂದರು ಪುಟ್ಟತಾಯಮ್ಮ ಎಲ್ಲರಿಗೂ ಕೇಳುವಂತೆ, "ಹೂವಿಲ್ದಿದ್ರೂ ಹಿಡೀಬೇಕು!"