ಎದುರು ಮನೆಯವರ ಪಂಚೆ

ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲ. ಆಲೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದ ನಾನು ಆಯುಷ್ಯದ ಬಹುಪಾಲು ಸವೆಸಿ ಕಂಡುಕೊಂಡ ಮಹಾಸತ್ಯ ಇದು. ಹಾಸನಕ್ಕೆ ಎರಡು ಬಸ್ಸು ಒಟ್ಟಿಗೇ ನಿಂತಿವೆ ಎನ್ನಿ. ಒಂದರಲ್ಲಿ ಸೀಟೆಲ್ಲ ಖಾಲಿ, ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಜನ ಓಡಿಹೋಗಿ ತುಂಬಿದ ಬಸ್ಸಿನ ಬಾಗಿಲಿಗೇ ನೇತುಬೀಳುತ್ತಾರೆ! ಖಾಲಿ ಬಸ್ಸು ಕಂಡರೆ ಅವರಿಗೆ ಅನುಮಾನ. ಕೆಟ್ಟಿದೆಯೋ, ಹೊರಡುವುದೇ ಇಲ್ಲವೋ, ಡ್ರೈವರ್ ಊಟಕ್ಕೆ ಹೋಗಿದ್ದಾನೋ! ಇಷ್ಟೆಲ್ಲ ತಿಳಿದವನಿಗೆ ಒಂದು ಮನೆ ಮಾರುವುದು ಯಾವ ದೊಡ್ಡ ಕೆಲಸ ಎಂದುಕೊಂಡಿದ್ದೆ.

ಮನೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ನಿವೃತ್ತನಾಗುವ ಹೊತ್ತಿಗೆ ಸಕಲೇಶಪುರದಲ್ಲಿ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಆಗ ಎಲ್ಲರ ಬಾಯಲ್ಲೂ ಅದೇ ಮಾತು. ರಸ್ತೆ ಅಗಲವಾಗುತ್ತದೆ, ಹೋಂಸ್ಟೇ ಹೆಚ್ಚುತ್ತದೆ, ಶನಿವಾರ ಬಂದರೆ ಬೆಂಗಳೂರೇ ಇಲ್ಲಿಗೆ ಬರುತ್ತದೆ! "ಈಗ ಬಿಟ್ರೆ ಆಮೇಲೆ ಸಿಗಲ್ಲ ಸಾರ್" ಎಂದ ಬಿಲ್ಡರ್. ನನಗೂ ಪಟ್ಟಣವಾಸದ ಆಸೆ. ಬಾಲ್ಕನಿಯಲ್ಲಿ ಕುಳಿತು ಪೇಪರ್ ಓದುತ್ತ, ಕೆಳಗೆ ಹೋಗುವ ಬಸ್ಸುಗಳ ಸಮಯ ಸರಿಯಿದೆಯೇ ಎಂದು ಬಿಟ್ಟಿಯಾಗಿ ಪರಿಶೀಲಿಸಬಹುದಲ್ಲ! ನಾನೂ ತುಂಬಿದ ಬಸ್ಸಿಗೆ ನೇತುಬಿದ್ದೆ. ಮೂರನೇ ಮಹಡಿಯಲ್ಲಿ ಮನೆ ಕೊಂಡೆ.

ಆಮೇಲೆ ಮಾರುಕಟ್ಟೆ ಮಲಗಿತು. ಮುಂಗಡ ಕೊಟ್ಟವರು ಜಗಳವಾಡಿ ವಾಪಸು ಪಡೆದರು, ಕೊಂಡವರು ಬೀಗ ಜಡಿದು ಹೋದರು. ಕಟ್ಟಡದಲ್ಲಿ ದೀಪ ಉರಿಯುವ ಮನೆ ನಮ್ಮದೊಂದೇ ಉಳಿಯಿತು. ಮಿಕ್ಕ ಮನೆಗಳ ಕೀಗೊಂಚಲನ್ನು ಬಿಲ್ಡರ್ ನನ್ನ ಕೈಗಿತ್ತು, "ಯಾರಾದ್ರೂ ನೋಡೋಕೆ ಬಂದ್ರೆ ತೋರಿಸಿ ಸಾರ್" ಎಂದು ಹೇಳಿ ಕಣ್ಮರೆಯಾದ. ಅವನು ಹೋದ ಮೇಲೆ ಲಿಫ್ಟೂ ನಿಂತುಹೋಯಿತು.

ನನ್ನ ಹೆಂಡತಿ ಸರೋಜಳಿಗೆ ಲಿಫ್ಟಿಗಿಂತ ದೊಡ್ಡ ಕೊರತೆ ಬೇರೆಯಿತ್ತು.

"ರೀ, ಮೊಸರು ಕೆಟ್ಟೋದ್ರೆ ಒಂಚೂರು ಹೆಪ್ಪು ಕೇಳೋಕಾದ್ರೂ ಪಕ್ಕದ ಮನೇಲಿ ಜನ ಬೇಡ್ವಾ? ಇದೇನು ಮನೆಯೋ, ಮುಚ್ಚೋಗಿರೋ ಟಾಕೀಸೋ!"

ಅವಳು ಆಲೂರಿನಲ್ಲಿ ಒಂದು ಮನೆ ನೋಡಿಟ್ಟಿದ್ದಳು. ಮಹಡಿಯಿಲ್ಲ, ಮೆಟ್ಟಿಲಿಲ್ಲ. ಹಿಂದೆ ಪುಟ್ಟ ಹಿತ್ತಿಲು, ಅದರಲ್ಲಿ ಎದೆಮಟ್ಟದ ಒಂದು ಕರಿಬೇವಿನ ಗಿಡ. ಎರಡೂ ಕಡೆ ಮಾತಿನ ಮಲ್ಲಿಯರಾದ ನೆರೆಯವರು. ಬಟ್ಟೆ ಒಣಹಾಕುವ ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಎಂಬುದನ್ನೂ ಅವಳು ತೀರ್ಮಾನಿಸಿಬಿಟ್ಟಿದ್ದಳು. ಆದರೆ ನಮ್ಮದು ಮಾರಾಟವಾಗದೆ ಅದನ್ನು ಕೊಳ್ಳುವಂತಿಲ್ಲ, ಅದರ ಯಜಮಾನರು ನಮಗಾಗಿ ಕಾಯುವವರಲ್ಲ.

ಹೀಗಿರುವಾಗ ಮಗ್ಗೆಯಿಂದ ಮಲ್ಲೇಶಪ್ಪ ಎಂಬುವವರು ಫೋನ್ ಮಾಡಿದರು. ಮಗಳ ಕಾಲೇಜಿಗೆ ಅನುಕೂಲವಾಗುವಂತೆ ಪೇಟೆ ಕಡೆ ಮನೆ ಹುಡುಕುತ್ತಿದ್ದಾರಂತೆ. ಭಾನುವಾರ ಹೆಂಡತಿಯೊಂದಿಗೆ ಬರುತ್ತಾರಂತೆ. ಬಹಳ ಕಾಲದ ಮೇಲೆ ಬಂದ ಮೊದಲ ಗಿರಾಕಿ!

ನಾನು ಕೂಡಲೇ ಕಾರ್ಯೋನ್ಮುಖನಾದೆ. ಬಸ್ಸು ತುಂಬಿದಂತೆ ಕಾಣಬೇಕು, ಅಷ್ಟೇ. ಕೀಗೊಂಚಲು ಹಿಡಿದು ಹೊರಟು ಖಾಲಿ ಮನೆಗಳ ಬಾಲ್ಕನಿಗಳಲ್ಲೆಲ್ಲ ನಮ್ಮ ಬಟ್ಟೆ ಒಣಹಾಕಿದೆ. ಕೆಳಮನೆಗೆ ಸರೋಜಳ ಸೀರೆ, ಅದರ ಪಕ್ಕದ ಮನೆಗೆ ನನ್ನ ಅಂಗಿ ಮತ್ತು ಟವೆಲು, ನಮ್ಮ ಎದುರು ಮನೆಗೆ ನನ್ನ ಪಂಚೆ. ನಮ್ಮ ಮಲಗುವ ಕೋಣೆಯ ಗೋಡೆ ಮಳೆಗಾಲದಲ್ಲಿ ಜಿನುಗಿ ಬೂಷ್ಟು ಹಿಡಿದಿತ್ತು. ಕಬ್ಬಿಣದ ಬೀರುವನ್ನು ಖಾಲಿಮಾಡಿ, ಅದಕ್ಕೆ ಅಡ್ಡಲಾಗಿ ಎಳೆದು ನಿಲ್ಲಿಸಿ, ಸಾಮಾನೆಲ್ಲ ಮತ್ತೆ ತುಂಬಿದೆ. ಸೊಂಟ ಹಿಡಿದುಕೊಂಡಿತು, ಗೋಡೆ ಮಾತ್ರ ಚೆಲುವಾಯಿತು.

"ನಿಮ್ಮ ಬಸ್ ಸ್ಟ್ಯಾಂಡ್ ಬುದ್ಧೀನ ಮನೆಗೆ ತರ್ಬೇಡಿ" ಎಂದಳು ಸರೋಜ. ಆದರೂ ಕರಿಬೇವಿನ ಗಿಡ ನೆನೆಸಿಕೊಂಡು ಸುಮ್ಮನಾದಳು.

ಕೊನೆಯ ಅಸ್ತ್ರ ಶಿವಣ್ಣ. ಪಾಳ್ಯದವನು, ನಿವೃತ್ತ ಕಂಡಕ್ಟರ್, ನನ್ನ ಹಳೆಯ ಸ್ನೇಹಿತ. ಅವನು ಇನ್ನೊಬ್ಬ ಗಿರಾಕಿಯಂತೆ ಬರಬೇಕು. ಆಲೂರಿನ ಆ ಮನೆಯನ್ನು ಬಾಯ್ತುಂಬ ಬಣ್ಣಿಸಿ, ಅದಕ್ಕಾಗಿಯೇ ಈ ಅವಸರ ಎಂದು ಅವನಿಗೆ ತಿಳಿಸಿದೆ.

"ನೋಡು ಶಿವಣ್ಣ, ಬರ್ಬೇಕು. ಮನೆ ನೋಡ್ಬೇಕು. 'ನಾಳೆ ಅಡ್ವಾನ್ಸ್ ತರ್ತೀನಿ' ಅನ್ಬೇಕು. ಹೋಗ್ಬೇಕು. ಬೇರೆ ಒಂದು ಮಾತೂ ಆಡ್ಬಾರ್ದು."

"ಅಷ್ಟೇ ತಾನೆ ಬುಡಿ ಕಂಟ್ರೋಲರೇ! ಬಸ್ ತುಂಬ ಜನರನ್ನ ಸಂಭಾಳಿಸ್ದೋನು ನಾನು, ಒಬ್ಬ ಗಿರಾಕಿ ಯಾವ ಲೆಕ್ಕ?"

ಭಾನುವಾರ ಮಲ್ಲೇಶಪ್ಪನವರೂ ಅವರ ಹೆಂಡತಿ ಗೌರಮ್ಮನವರೂ ಬಂದರು. "ಲಿಫ್ಟು ಸರ್ವೀಸಿಗೆ ಬಿಟ್ಟಿದೆ" ಎಂದು ಮೆಟ್ಟಿಲು ಹತ್ತಿಸಿದೆ. ಏದುಸಿರು ಬಿಡುತ್ತ ಬಂದರೂ ಬಾಲ್ಕನಿಯಲ್ಲಿ ನಿಂತು ಬೆಟ್ಟ ನೋಡಿ ದಂಪತಿ ಖುಷಿಪಟ್ಟರು. ಆಮೇಲೆ ಗೌರಮ್ಮನವರ ಕಣ್ಣು ಒಣಗುತ್ತಿದ್ದ ಬಟ್ಟೆಗಳ ಮೇಲೆ ಬಿತ್ತು.

"ಪರವಾಗಿಲ್ಲ, ಎಲ್ಲಾ ಮನೇಲೂ ಜನ ಅವ್ರೆ."

"ತುಂಬಿ ತುಳುಕ್ತಿದೆ ಅಮ್ಮ!" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಬನ್ನಿ, ಅಕ್ಕಪಕ್ಕದೋರನ್ನ ಒಂದ್ಸಲ ಮಾತಾಡುಸ್ಕಂಡು ಬರಣ."

ಈ ಮಾತು ನನ್ನ ಸಿದ್ಧತೆಯಲ್ಲಿ ಇರಲಿಲ್ಲ.

"ಅವರು... ಮದುವೆಗೆ ಹೋಗಿದ್ದಾರೆ."

"ಯಾವ ಮನೆಯೋರು?"

"ಎಲ್ಲಾ ಮನೆಯೋರೂ. ದೊಡ್ಡ ಮದುವೆ."

"ಹೌದಾ! ನೀವ್ಯಾಕೆ ಹೋಗ್ಲಿಲ್ಲ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಮ್ಮನ್ನ ಕರೆದಿಲ್ಲ."

ಗೌರಮ್ಮನವರು ಗಂಡನ ಮುಖ ನೋಡಿದರು. "ಅಯ್ಯೋ! ಒಂದೇ ಕಟ್ಟಡದಲ್ಲಿದ್ಕಂಡು ಮದುವೆಗೂ ಕರೆಯಲ್ವಾ? ಎಂಥ ಜನಾನಪ್ಪ!" ಇಲ್ಲದ ನೆರೆಯವರನ್ನು ಸೃಷ್ಟಿಸಿ, ಅವರು ಕೆಟ್ಟವರೆಂದು ನಾನೇ ಸಾಬೀತುಪಡಿಸಿದ್ದೆ. ಇಂಥ ಸಾಧನೆ ಎಲ್ಲರಿಗೂ ಸಿದ್ಧಿಸುವುದಿಲ್ಲ!

ಅಷ್ಟರಲ್ಲಿ ಪುಣ್ಯಾತ್ಮ ಶಿವಣ್ಣ ಬಂದ. ಸಮಯಕ್ಕೆ ಸರಿಯಾಗಿಯೇ ಬಂದ. ಬಾಗಿಲಲ್ಲೇ ನಿಂತು, ಮುಂದಿನ ನಿಲ್ದಾಣ ಕೂಗುವ ದನಿಯಲ್ಲಿ, "ಮನೆ ಭಾರಿ ಚೆನ್ನಾಗೈತೆ! ನಾಳೆ ಅಡ್ವಾನ್ಸ್ ತರ್ತೀನಿ!" ಎಂದು ಕೂಗಿಬಿಟ್ಟ. ಮನೆಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ! ಆದರೂ ಮಲ್ಲೇಶಪ್ಪನವರ ಮುಖದಲ್ಲಿ ಗಾಬರಿ ಕಂಡಿತು. ನನ್ನ ಸಿದ್ಧಾಂತ ಗೆದ್ದಿತು ಎಂದು ಒಳಗೊಳಗೇ ಕುಣಿದೆ. ಇನ್ನು ಅವನು ಹೋಗಬೇಕಿತ್ತು, ಅಷ್ಟೇ.

ಹೋಗಲಿಲ್ಲ. ಕುಳಿತ.

ನಮ್ಮ ಕಡೆ ಇಬ್ಬರು ಒಂದು ಕಡೆ ಕುಳಿತ ಮೇಲೆ ಊರು ಕೇಳದೆ ಇರುವುದುಂಟೆ? ಈ ಸಣ್ಣ ವಿಷಯ ಮಹಾಸತ್ಯಗಳನ್ನೇ ಕಂಡುಕೊಂಡ ನನಗೆ ಹೊಳೆದಿರಲಿಲ್ಲ.

"ಯಾವೂರಾಯ್ತು ತಮ್ದು?" ಎಂದ ಶಿವಣ್ಣ.

"ಮಗ್ಗೆ."

"ಮಗ್ಗೇನಾ! ನಮ್ಮ ಚಿಕ್ಕಮ್ಮನ ಮಗಳು ಪಾರ್ವತೀನ ಅಲ್ಲಿಗೇ ಕೊಟ್ಟಿರೋದು ಕಣ್ರೀ. ಮಿಲ್ಲಿನ ಮನೆಗೆ."

ಮಲ್ಲೇಶಪ್ಪನವರು ಎದ್ದೇ ನಿಂತರು. "ಮಿಲ್ಲಿನ ಮನೆ ಪಾರ್ವತೀನಾ? ಅವಳ ಗಂಡ ನಮ್ಮ ದೊಡ್ಡಪ್ಪನ ಮಗ ಅಲ್ವೇನ್ರೀ!"

"ಹಂಗಾದ್ರೆ ನೀವು ನಂಗೆ ಭಾವ ಆಗ್ಬೇಕು!"

"ಆಗ್ಬೇಕು ಅಂತೇನು, ಆಗೋಯ್ತು ಮಾರಾಯ!"

ಶಿವಣ್ಣನ ಹಿಂದೆ ನಿಂತು ನಾನು ಕೆಮ್ಮಿದೆ. ಕಣ್ಸನ್ನೆ ಮಾಡಿದೆ. ಗೋಡೆ ಗಡಿಯಾರ ತೋರಿಸಿದೆ. ಅವನು ನನ್ನತ್ತ ತಿರುಗಿ, "ಕಂಟ್ರೋಲರೇ, ತಪ್ಪು ತಿಳ್ಕಬ್ಯಾಡಿ. ಭಾವನ ಹತ್ರ ಸುಳ್ಳು ಹೇಳಕ್ಕಾಯ್ತದಾ?" ಎಂದವನೇ ಎಲ್ಲವನ್ನೂ ಬಿಚ್ಚಿಟ್ಟ. "ಭಾವ, ನಾನು ಮನೆ ತಗಳೋಕೆ ಬಂದೋನಲ್ಲ. ಕರೆಸ್ಕಂಡಿರೋದು. ಆ ಪಂಚೇನೂ ಇವರ್ದೇ."

ನನಗೆ ನಿಂತ ನೆಲ ಕುಸಿಯಬಾರದೇ ಎನ್ನಿಸಿತು. ಆದರೆ ಮೂರನೇ ಮಹಡಿ, ಕುಸಿದರೆ ಇನ್ನೊಂದು ಖಾಲಿ ಮನೆಗೇ ಬೀಳಬೇಕು!

ಇನ್ನು ನನ್ನ ಕಡೆಗೆ ಉಳಿದವಳು ಸರೋಜ ಒಬ್ಬಳೇ. ಅವಳು ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಅವಳಾದರೂ ಮಾತು ತಿರುಗಿಸುತ್ತಾಳೆ ಎಂದು ಆಸೆಯಿಂದ ನೋಡಿದೆ. ಅವಳು ತಟ್ಟೆ ಕೆಳಗಿಟ್ಟು, "ಗೌರಮ್ಮೋರೇ, ನಿಮ್ಮ ತವರ್ಮನೆ ಯಾವ ಕಡೆ?" ಎಂದಳು.

ಮುಗಿಯಿತು! ಗೌರಮ್ಮನವರ ಚಿಕ್ಕಪ್ಪನ ಮಗಳೇ ಸರೋಜಳ ಅಣ್ಣನ ಹೆಂಡತಿ. ಅಣ್ಣನ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರೂ ಹೌದಂತೆ. ಸರೋಜ ಅವರ ಕೈ ಹಿಡಿದುಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ಈ ಮನೆಗೆ ಬಂದ ಮೇಲೆ ನಾನು ನೋಡಿರಲಿಲ್ಲ. ಆಮೇಲೆ ಆ ಮುಖ ಸ್ವಲ್ಪ ಸಣ್ಣಗಾಯಿತು.

"ಅತ್ತಿಗೆ, ನಿಮ್ಗೆ ಹೇಳ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲ. ರೂಮಿನ ಬೀರು ಹಿಂದೆ ಒಂದ್ಸಲ ನೋಡ್ಬುಡಿ. ಲಿಫ್ಟೂ ಸರ್ವೀಸಿಗೇನೂ ಬಿಟ್ಟಿಲ್ಲ."

ಕರಿಬೇವಿನ ಗಿಡ ಕೈತಪ್ಪುತ್ತದೆಂದು ಗೊತ್ತಿದ್ದೂ ಅವಳು ಹೇಳಿದಳು. ತುಂಬಿದ ಬೀರು ಒಬ್ಬಿಬ್ಬರಿಗೆ ಆಗುವ ಭಾರವಲ್ಲ. ಮಲ್ಲೇಶಪ್ಪನವರು ಒಂದು ಕಡೆ, ಶಿವಣ್ಣ ಒಂದು ಕಡೆ ಹಿಡಿದರು. ಅದು ಜಗ್ಗಲಿಲ್ಲ. "ಕಂಟ್ರೋಲರೇ, ನೀವೂ ಒಂದು ಕೈ ಹಾಕಿ" ಎಂದ ಶಿವಣ್ಣ. ಹಾಕಿದೆ!

ಗೋಡೆ ನೋಡಿ ಯಾರೂ ಬೈಯಲಿಲ್ಲ. ಎಲ್ಲರೂ ನಕ್ಕರು. ನಕ್ಕು ನಕ್ಕು ಊಟಕ್ಕೆ ಕುಳಿತರು. ಅಕ್ಕಿರೊಟ್ಟಿ, ಕಾಳುಪಲ್ಯ ಖರ್ಚಾಯಿತು, ಮನೆಯೊಂದು ಹಾಗೆಯೇ ಉಳಿಯಿತು. "ಮನೆ ಬ್ಯಾಡ ಭಾವ, ನೆಂಟಸ್ತಿಕೆ ಸಿಕ್ತಲ್ಲ ಸಾಕು" ಎಂದು ನನಗೇ ಸಮಾಧಾನ ಹೇಳಿ ಅವರು ಮೆಟ್ಟಿಲಿಳಿದರು. ಶಿವಣ್ಣನೂ ಅವರ ಜೊತೆಯಲ್ಲೇ ಹರಟುತ್ತ ಹೋದ. ಅದನ್ನು ತಡೆಯಬೇಕಿತ್ತು ಎಂದು ನನಗೆ ಗೊತ್ತಾದದ್ದು ಕೆಲವು ದಿನಗಳ ನಂತರ, ಅವನ ಫೋನ್ ಬಂದಾಗ.

"ಕಂಟ್ರೋಲರೇ, ಸಂತೋಷದ ಸುದ್ದಿ! ಭಾವಂಗೆ ಮನೆ ಆಗೋಯ್ತು. ಆಲೂರಲ್ಲೇ. ಮೆಟ್ಲಿಲ್ಲ, ಹಿತ್ಲು ಐತೆ, ಕರಿಬೇವಿನ ಗಿಡ ಐತೆ!"

"ಲೋ ಶಿವಣ್ಣ, ಅದು ನಾವು ನೋಡಿದ್ದ ಮನೆ ಕಣೋ!"

"ಹೂಂ, ನೀವೇ ಹೇಳಿದ್ರಲ್ಲ, ಅಂಥ ಮನೆ ಇನ್ನೊಂದಿಲ್ಲ ಅಂತ! ನೀವು ನಿಮ್ದು ಮಾರಿದ್ ಮೇಲೆ ತಾನೆ ತಗಳೋದು? ಅದು ಮಾರಾಟ ಆಗೋ ಹಂಗೆ ನಂಗೇನೂ ಕಾಣ್ಲಿಲ್ಲ."

ಸರೋಜಳಿಗೆ ಹೇಳುವ ಧೈರ್ಯ ಬರುವಷ್ಟರಲ್ಲಿ ಗೃಹಪ್ರವೇಶದ ಕರೆ ಬಂತು. ಅವಳು ನನಗೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನೆಂಟರಿಗೇ ಹೋಯ್ತಲ್ಲ, ಬಿಡಿ" ಎಂದಳು.

ಗೃಹಪ್ರವೇಶಕ್ಕೆ ಹೋದೆವು. ಹೋಳಿಗೆ ಚೆನ್ನಾಗಿತ್ತು. ಸರೋಜ ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗೌರಮ್ಮನವರನ್ನು ಕರೆದು, ಬಟ್ಟೆಯ ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಿದರೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ತೋರಿಸಿಕೊಟ್ಟಳು. ಹೊರಡುವಾಗ ಗೌರಮ್ಮನವರು ಅವಳ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟರು. ಒಳಗೆ ಹೆಪ್ಪು.

ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ನಾನೇ, ಮೂರು ಮಹಡಿ ಹೊತ್ತು ಹತ್ತಿದವನೂ ನಾನೇ. ಬೆಳಿಗ್ಗೆ ಮೊಸರು ಗಟ್ಟಿಯಾಗಿ, ಸೊಗಸಾಗಿ ಹೆಪ್ಪುಗಟ್ಟಿತ್ತು. ಸರೋಜ ಒಂದು ಬಟ್ಟಲಿಗೆ ಸ್ವಲ್ಪ ತೆಗೆದು ನನ್ನ ಮುಂದೆ ಹಿಡಿದಳು.

"ತಗೊಳ್ಳಿ. ಎದುರು ಮನೆಯೋರಿಗೂ ಒಂಚೂರು ಕೊಟ್ಬನ್ನಿ."

"ಎದುರು ಮನೇಲಿ ಯಾರಿದ್ದಾರೇ?"

"ಮದುವೆಯಿಂದ ಇನ್ನೂ ಬಂದಿಲ್ವಾ?"

ನಾನು ಬಟ್ಟಲು ಹಿಡಿದು, ಕೀಗೊಂಚಲು ತೆಗೆದುಕೊಂಡು ಎದುರು ಮನೆಗೆ ಹೋದೆ. ನನ್ನ ಪಂಚೆ ಇನ್ನೂ ಅಲ್ಲೇ ಒಣಗುತ್ತಿತ್ತು.